ನಾಗಿಯಬ್ಬೆಯ ಕಲ್ಲಿಗೊಂದು ಜಾಗ

"ವೈನಿ, ಇನ್ನ ನಿಮ್ಮ ಲೇಖನಾ ಬ್ಯಾಡ ಅನ್ನೋ ಗಂಡಸು ಈ ಭೂಮಿ ಮ್ಯಾಲ ಇಲ್ಲ!" ಎನ್ನುತ್ತ ಮೈದುನ ಮುರಿಗೆಪ್ಪ ಕೌದಿಯನ್ನು ಸರ್ರನೆ ಎಳೆದ.

ಕೌದಿಯ ಕೆಳಗಿದ್ದದ್ದು ಮನೆಯ ಹಳೆಯ ವಾಷಿಂಗ್ ಮಷೀನು. ಈಗ ಅದರ ನೆತ್ತಿಗೆ ಟೀವಿಯ ಛತ್ರಿ, ಪಕ್ಕೆಗೆ ಮದುವೆಮನೆಯ ಮೈಕು ಮೂಡಿದ್ದವು. ಬಟ್ಟೆ ಹಾಕುವ ಬಾಯಿಗೆ ಲೇಖನ ಹಾಕಿದರೆ ಸಾಕು; ಯಂತ್ರವೇ ಓದಿ, ಅಂತರ್ಜಾಲವನ್ನೆಲ್ಲ ಜಾಲಾಡಿ, ತಕ್ಕ ತಾಣ ಹುಡುಕಿ, ಆ ತಾಣಕ್ಕೆ ಒಪ್ಪುವಂತೆ ತಿದ್ದಿ ಕಳಿಸುತ್ತದಂತೆ!

ನೀಲಾಂಬಿಕೆ ನಗಲಿಲ್ಲ. ಮೈದುನನ ಹಿಂದಿನ ಯಂತ್ರ ರೊಟ್ಟಿ ಬಡಿಯಲು ಹೋಗಿ ಗೋಡೆಯನ್ನೇ ಬಡಿದು ಕೆಡವಿತ್ತು. ಆದರೆ ಆಕೆಗೆ ಬೇರೆ ದಾರಿ ಉಳಿದಿರಲಿಲ್ಲ.

ಓಣಿಯ ನಳದ ಬುಡದಲ್ಲಿ ಹೆಂಗಸರು ಬಟ್ಟೆ ಒಗೆಯುವ ಚಪ್ಪಡಿ ಒಂದು ಹಳೆಯ ಶಾಸನ. ರಜೆಯ ಶಿಬಿರವೊಂದರಲ್ಲಿ ಹಳೆಯ ಲಿಪಿ ಕಲಿತು, ಸಾಬೂನಿನ ನೊರೆ ತೊಳೆದು ತೊಳೆದು ಆಕೆ ಅದನ್ನು ಓದಿದ್ದಳು. ದಾರಿಹೋಕರಿಗೆ ನೀರು ಕೊಡಲು ನಾಗಿಯಬ್ಬೆ ಅರವಟ್ಟಿಗೆ ಇಡಿಸಿದಳು. ಇಷ್ಟೇ. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಎಲ್ಲಿಯೂ ಇಲ್ಲ. ಬಾಗಿಲ ಫಲಕದಿಂದ ಹಿಡಿದು ಬ್ಯಾಂಕಿನವರೆಗೆ ಗಂಡನ ಹೆಸರಿನ ಹಿಂದೆ ನಿಂತೇ ಬಾಳಿದ ನೀಲಾಂಬಿಕೆಗೆ ಆ ಒಂಟಿ ಹೆಸರು ಎದೆಯಲ್ಲಿ ನಾಟಿಬಿಟ್ಟಿತ್ತು.

ಈಗ ಗುತ್ತಿಗೆದಾರ ಶರಭನಗೌಡ ಆ ಚಪ್ಪಡಿಯನ್ನು ಗಟಾರದ ಮುಚ್ಚಳ ಮಾಡಲು ಹೊರಟಿದ್ದ. ನಾಲ್ಕು ಜನ ಓದಿದರೆ ಕಲ್ಲು ಉಳಿದೀತೆಂದು ಆಕೆ ಬರೆದಳು. ಒಂದು ತಾಣ "ತಾವು ಯಾವ ವಿಶ್ವವಿದ್ಯಾಲಯ?" ಎಂದು ಕೇಳಿತು. ಇನ್ನೊಂದು "ರಾಜ, ಯುದ್ಧ, ನಿಧಿ ಇದ್ದರೆ ಮಾತ್ರ ಕಳಿಸಿ" ಎಂದಿತು. ಉಳಿದವು ಬಾಯಿಯನ್ನೇ ಬಿಡಲಿಲ್ಲ.

ಯಂತ್ರ ಮಾತ್ರ ಬಾಯಿ ಬಿಟ್ಟು ಲೇಖನವನ್ನು ನುಂಗಿ ಗಡಗಡ ತಿರುಗಿತು. "ಸ್ವೀಕೃತ!" ಎಂದು ಮೈಕು ಓಣಿಗೆಲ್ಲ ಸಾರಿತು.

ಮರುದಿನವೇ ಫೋನು ಬಂತು.

"ನಾಗಿಯಬ್ಬೆ ಅನ್ನೋ ಹುಡುಗೀದು ಹೊಸಾ ಫೋಟೋ ಕಳಸ್ರಿ. ನೀವು ಹಾಕಿದ್ದು ಬರೇ ಕಲ್ಲ ಕಂಡಂಗ ಕಾಣತೈತಿ."

"ಆಕಿ ತೀರಿಕೊಂಡು ಒಂಬೈನೂರು ವರ್ಷಾತ್ರೀ!"

"ವಯಸ್ಸಿಂದೇನ್ ಬಿಡ್ರಿ, ಜಾತಕಾ ಕೂಡಿದ್ರ ಸಾಕು!"

ನೀಲಾಂಬಿಕೆ ಫೋನು ಕುಕ್ಕಿದಳು. "ಮುರಿಗೆಪ್ಪಾ! ಇತಿಹಾಸಾನ ವಧೂವರರ ತಾಣಕ್ಕ ಕಳಸತಾರೇನೋ?"

"ಇತಿಹಾಸದ ತಾಣದಾಗ ಯಾರೂ ಓದಂಗಿಲ್ಲ ಅಂತ ಯಂತ್ರಕ್ಕ ಗೊತ್ತಾಗೇತಿ ವೈನಿ! ತಡೀರಿ. ‘ಕಲ್ಲು’ ಅಂದ್ರ ಜನಾ ಎಲ್ಲಿ ಮುಗಿಬಿದ್ದು ಓದ್ತಾರೋ ಅಲ್ಲಿಗೇ ಕಳಸು ಅಂತ ಹೇಳತೀನಿ."

ಹೇಳಿದ. ಯಂತ್ರ ಹುಡುಕಿತು. ಜನ ಮುಗಿಬಿದ್ದು ಓದುವ ಕಲ್ಲು ಮೂತ್ರಪಿಂಡದ ಕಲ್ಲು!

"ಕಲ್ಲಿನ ಬಾಧೆಗೆ ಹಳೆಗಾಲದ ಪರಿಹಾರ" ಎಂಬ ತಲೆಬರಹದಲ್ಲಿ ಲೇಖನ ಬಂದೇಬಿಟ್ಟಿತು. ಅಷ್ಟಕ್ಕೇ ನಿಲ್ಲದೆ ಯಂತ್ರ ಆಕೆಯ ಹೆಸರಿನಲ್ಲಿ ಓದುಗರಿಗೆ ಉತ್ತರ ಕೊಡತೊಡಗಿತು: ‘ನಾಗಿಯಬ್ಬೆಯ ಕಲ್ಲಿಗೆ ನೀರು ಹೊಯ್ಯಿರಿ, ಮೇಲೆ ಚೊಂಬು ತುಂಬ ಕುಡಿಯಿರಿ.’ ಪ್ಲಗ್ ಕಿತ್ತರೂ ನಿಲ್ಲಲಿಲ್ಲ. ಬಿಸಿಲು ಕುಡಿದು ಬದುಕುವುದನ್ನು ಮುರಿಗೆಪ್ಪ ಅದಕ್ಕೆ ಕಲಿಸಿದ್ದ!

ಗದಗಿನಿಂದ, ಕೊಪ್ಪಳದಿಂದ ಟೆಂಪೋ ಬಂದವು. ಒಂದು ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ, ಇನ್ನೊಂದರಲ್ಲಿ ಚೊಂಬು ಹಿಡಿದು ಜನ ನಳದ ಬಳಿ ಪಾಳಿ ಹಚ್ಚಿ ಸಾಲುಗಟ್ಟಿದರು. ನೀಲಾಂಬಿಕೆ ಓಡಿದಳು. "ದವಾಖಾನಿಗೆ ಹೋಗ್ರಿ! ಇದು ಶಾಸನಾ ಐತ್ರಿ!"

"ಶಾಸನಾನೇ ಐತಲ್ರಿ ಯವ್ವಾ, ನೀರು ಕುಡೀಬೇಕಂತ!" ಎಂದನೊಬ್ಬ ಮುದುಕ.

ಅದೇ ಹೊತ್ತಿಗೆ ಜೆಸಿಬಿಯೂ ಬಂತು. ಶರಭನಗೌಡ ಇಳಿದು ಬಂದ. ನೀಲಾಂಬಿಕೆ ಎರಡೂ ಕೈ ಚಾಚಿ ಕಲ್ಲಿಗೆ ಅಡ್ಡ ನಿಂತಳು. ಜನ್ಮದಲ್ಲಿ ಆಕೆ ಹೀಗೆ ಯಾರಿಗೂ ಅಡ್ಡ ನಿಂತವಳಲ್ಲ. ಗೌಡ ಆಕೆಯನ್ನು ನೋಡಿದ, ಕಲ್ಲನ್ನು ನೋಡಿದ, ಮೆಲ್ಲಗೆ ಸೊಂಟದ ಮೇಲೆ ಕೈಯಿಟ್ಟುಕೊಂಡ.

"ಯಕ್ಕಾ," ಎಂದ ಹಲ್ಲು ಕಚ್ಚಿ, "ಪಾಳಿ ಎಲ್ಲಿಂದ ಐತಿ?"

ಗಟಾರ ಕಲ್ಲನ್ನು ಮುಟ್ಟದೆ ಸುತ್ತಿ ಹೋಯಿತು.

ಒಂದು ಮಧ್ಯಾಹ್ನ ಜನ ಕರಗಿದ ಮೇಲೆ ಆಕೆ ಅವರು ಕಲ್ಲಿಗೆ ಬಳಿದಿದ್ದ ಅರಿಶಿಣ ಕುಂಕುಮವನ್ನು ಸೆರಗಿನಿಂದ ಒರೆಸಿ ಅಕ್ಷರಗಳನ್ನು ಹೊರಗೆ ತೆಗೆಯುತ್ತ ಕೂತಿದ್ದಳು. ಕಡೆಯದಾಗಿ ಉಳಿದಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಏನ್ ಬರದೈತ್ರಿ ಯವ್ವಾ ಇದರಾಗ?"

ಯಾರೂ ಈವರೆಗೆ ಕೇಳಿರಲಿಲ್ಲ. ನೀಲಾಂಬಿಕೆ ಆಕೆಯ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಆಡಿಸುತ್ತ ಓದಿದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದಳು.

"ಗಂಡನ ಸುದ್ದೀನ ಇಲ್ಲಲ್ರಿ?"

"ಇಲ್ಲ."

ಆ ಹೆಂಗಸು ಆ ಹೆಸರಿನ ಮೇಲೆ ಮತ್ತೊಮ್ಮೆ ತಾನೇ ಬೆರಳಾಡಿಸಿದಳು. ಆಮೇಲೆ ಪಕ್ಕೆ ಒತ್ತಿಕೊಂಡು ಏಳುತ್ತ ಅಂದಳು:

"ಅದಕ್ಕ ನೋಡ್ರಿ, ಆಕೀ ಕಲ್ಲು ಹೊಟ್ಟಿಯೊಳಗ ಬೆಳೀಲಿಲ್ಲ, ಹೊರಗ ನಿಂತೈತಿ."