ಮಾಳಿಗೆಯ ಮೇಲಿನ ವಿಮಾನ ಒಪ್ಪಂದ

ಆಕಾಶ ಯಾರದೂ ಅಲ್ಲ ಎನ್ನುವವರು ಅದನ್ನು ನೆಲದ ಮೇಲೆ ನಿಂತು ನೋಡಿದವರು. ನಾನು ಅದನ್ನು ಕಾಗದದ ಮೇಲೆ ನೋಡಿದವನು. ದೆಹಲಿಯ ಒಂದು ಸರಕಾರಿ ಕಚೇರಿಯಲ್ಲಿ ಕೆಲವು ವರ್ಷ ಟೈಪಿಸ್ಟನಾಗಿದ್ದೆ. ಎರಡು ದೇಶಗಳ ನಡುವೆ ವಿಮಾನಗಳು ಓಡಾಡಬೇಕಾದರೆ ಮೊದಲು ಎರಡೂ ಸರಕಾರಗಳು ಎದುರುಬದುರು ಕೂತು ಒಪ್ಪಂದ ಮಾಡಿಕೊಳ್ಳಬೇಕು. ಅದರ ಕರಡನ್ನು ಟೈಪು ಮಾಡುವುದು ನನ್ನ ಕೆಲಸ. ನಿಮ್ಮ ವಿಮಾನ ನಮ್ಮ ದೇಶದ ಮೇಲೆ ಹಾದುಹೋಗಬಹುದು, ಇಳಿಯಕೂಡದು. ಇಳಿಯಬಹುದು, ಆದರೆ ಎಣ್ಣೆ ತುಂಬಿಸಿಕೊಳ್ಳುವುದಕ್ಕೆ ಮಾತ್ರ. ನಿಮ್ಮ ಜನರನ್ನು ಇಲ್ಲಿ ಇಳಿಸಬಹುದು, ಇಲ್ಲಿಯ ಜನರನ್ನು ನಿಮ್ಮಲ್ಲಿಗೆ ಒಯ್ಯಬಹುದು. ಇಲ್ಲಿಯವರೆಗೆ ಎಲ್ಲರೂ ನಗುನಗುತ್ತಲೇ ಇರುತ್ತಿದ್ದರು. ನಮ್ಮಲ್ಲಿ ಹತ್ತಿಸಿಕೊಂಡವರನ್ನು ಮೂರನೆಯ ದೇಶಕ್ಕೆ ಒಯ್ಯಬಹುದೇ ಎಂಬ ಐದನೆಯ ಹಕ್ಕಿಗೆ ಬಂದಾಗ ಮಾತ್ರ ಮುಖಗಳು ಬಿಗಿಯುತ್ತಿದ್ದವು. ಯಾರಾದರೂ ಚಹಾ ತರಿಸುತ್ತಿದ್ದರು. ಇಷ್ಟೆಲ್ಲ ಟೈಪು ಮಾಡಿದ ನಾನು ವಿಮಾನವನ್ನು ಒಳಗಿನಿಂದ ಕಂಡವನಲ್ಲ. ಅಡುಗೆಯವನಿಗೆ ಊಟ ಸಿಕ್ಕೇ ಸಿಗಬೇಕೆಂಬ ನಿಯಮವೇನೂ ಇಲ್ಲವಲ್ಲ.

ತಂದೆ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಬಸವಕಲ್ಯಾಣಕ್ಕೆ ಬಂದು ಟೈಪಿಂಗ್ ಕ್ಲಾಸು ತೆರೆದೆ. ಮುಂದೆ ನಡೆದದ್ದಕ್ಕೆ ನಾನು ಸಾಕ್ಷಿ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮ ಓಣಿಯಲ್ಲಿ ಈಗಾಗಲೇ ಮೂರು ನಾಲ್ಕು ಬಗೆಯ ಕಥೆಗಳಿವೆ; ಯಾವುದರಲ್ಲೂ ನಾನು ಜಾಣನಾಗಿಲ್ಲ.

ನಮ್ಮ ಓಣಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತ, ಮಣ್ಣು ಹಾಸಿದ ಚಪ್ಪಟೆ ಮಾಳಿಗೆಯ ಮನೆಗಳು. ಕೆಳಗೆ ಗಂಡಸರ ಬೀದಿ ಇದ್ದಂತೆ ಮೇಲೆ ಹೆಂಗಸರ ಬೀದಿ. ಕೆಳಗಿನ ಬೀದಿಯಲ್ಲಿ ಹೋಗಬೇಕೆಂದರೆ ಸೊಸೆಯಾದವಳು ಸೆರಗು ಹೊದ್ದು, ಅತ್ತೆಗೆ ಹೇಳಿ, ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ತಲೆ ತಗ್ಗಿಸಿ ಸಾಗಬೇಕು. ಮಾಳಿಗೆಯ ಮೇಲೆ ಅದೇನೂ ಇಲ್ಲ. ಕೈಯಲ್ಲೊಂದು ಮೊರ ಹಿಡಿದರೆ ಸಾಕು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿಬರಬಹುದು. ನಮ್ಮದು ಸಾಲಿನ ಕೊನೆಯ ಮನೆ. ಪಕ್ಕದ್ದು ಶಿವರಾಜಪ್ಪನವರದು. ಅದರಾಚೆಯ ಮನೆಗೆ ನನ್ನ ಹೆಂಡತಿ ನೀಲಮ್ಮನ ತಂಗಿ ಗಂಗಾಳನ್ನು ಕೊಟ್ಟಿತ್ತು. ಅಕ್ಕತಂಗಿಯರಿಬ್ಬರೂ ಹುಮನಾಬಾದಿನವರು. ಆ ಮನೆಯ ಬಾಗಿಲು ಹಿಂದಿನ ಓಣಿಗಿತ್ತು. ಬೀದಿಯಲ್ಲಿ ಹೋಗಬೇಕೆಂದರೆ ದೊಡ್ಡ ಸುತ್ತು. ಮಾಳಿಗೆಯ ಮೇಲೆ ಶಿವರಾಜಪ್ಪನವರ ಮನೆ ದಾಟಿದರೆ ಮುಗಿಯಿತು.

ಆ ವರ್ಷ ಗಂಗಾ ಹಡೆದಿದ್ದಳು. ಅವಳ ಅತ್ತೆಗೆ ಕೈ ನಡುಗುತ್ತಿದ್ದುದರಿಂದ ಕೂಸಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ನೀಲಮ್ಮನದು. ಅದು ಕೆಲಸ ಎಂದರೆ ತಪ್ಪಾದೀತು, ನಮಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಮಾಳಿಗೆ ದಾಟಿ ಹೋದವಳು ಹಿಂತಿರುಗುವಾಗ ಅವಳ ಕೈ ಕೂಸಿನ ಮೈಯಂತೆಯೇ ಘಮಘಮಿಸುತ್ತಿತ್ತು.

ಮಳೆಗಾಲ ಬಂತು. ಶಿವರಾಜಪ್ಪನವರ ಮಾಳಿಗೆ ಸೋರಿತು. ಸೋರಿದ್ದು ಎಲ್ಲಿಯೋ ಆಗಿದ್ದರೆ ಸರಿ, ನೆಟ್ಟಗೆ ಒಲೆಯ ಮೇಲೆ ಸೋರಿತು. ಅವರ ಹೆಂಡತಿ ಸಂಗಮ್ಮ ಮೇಲೆ ಹತ್ತಿ ನೋಡಿ, ನೀಲಮ್ಮನ ಹೆಜ್ಜೆಯಿಂದಲೇ ಮಣ್ಣು ಸವೆದಿದೆ ಎಂದು ತೀರ್ಪು ಕೊಟ್ಟರು.

“ದಿನಾ ಧಪಧಪ ನಡದ್ರ ಮಾಳಗಿ ಉಳೀತದೇನ? ನಿನ್ನ ಕಾಲೇನು ಕಾಲೋ, ಒನಕಿಯೋ?”

“ನನ್ನ ಕಾಲ್ ಬಿಡ್ರಿ, ನೀವು ಎರಡು ವರ್ಷದಿಂದ ಮ್ಯಾಲೆ ಮಣ್ಣ ಹಾಕ್ಸೀರೇನ್ರಿ?” ಎಂದಳು ನೀಲಮ್ಮ.

ಇದು ನಿಜವಾಗಿತ್ತು, ಆದ್ದರಿಂದ ಜಗಳ ಹೆಚ್ಚಾಯಿತು. ಮರುದಿನ ಎರಡು ಮಾಳಿಗೆಗಳ ಗಡಿಯಲ್ಲಿ ಜಾಲಿಮುಳ್ಳಿನ ದೊಡ್ಡ ಟೊಂಗೆಗಳು ಬಿದ್ದಿದ್ದವು. ನೀಲಮ್ಮ ಬೀದಿ ಸುತ್ತಿ ಹೋಗತೊಡಗಿದಳು. ಆದರೆ ನನ್ನ ತಾಯಿಯ ಅಪ್ಪಣೆ ಒಮ್ಮೆ ಸಿಕ್ಕರೆ ಒಮ್ಮೆ ಇಲ್ಲ. ಸಿಕ್ಕ ದಿನವೂ ಅವಳು ಹೋಗುವಷ್ಟರಲ್ಲಿ ಗಂಗಾಳ ಅತ್ತೆ ನಡುಗುವ ಕೈಯಿಂದಲೇ ಕೂಸಿಗೆ ನೀರು ಹಾಕಿ ಮುಗಿಸಿರುತ್ತಿದ್ದರು. ನೀಲಮ್ಮನ ಕೈಗೆ ಮತ್ತೆ ಒಗ್ಗರಣೆಯ ವಾಸನೆಯೇ ಬಂತು. ಒಂದು ದಿನ ತಟ್ಟೆಯನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟು ಕೇಳಿದಳು:

“ದಿಲ್ಲ್ಯಾಗ ದೇಶದೇಶಕ್ಕ ದಾರಿ ಮಾಡಿಕೊಟ್ಟೇನಿ ಅಂತೀರಿ. ಒಂದು ಮಾಳಗಿ ದಾರಿ ಮಾಡಿಕೊಡಾಕ ಆಗಂಗಿಲ್ಲೇನ್ರಿ?”

ಇಂಥ ಪ್ರಶ್ನೆಗೆ ಆಗುವುದಿಲ್ಲ ಎಂದು ಹೇಳಿದ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಮಾತುಕತೆಗೆ ಜಾಗ ಬೇಕಿತ್ತು. ಅವರ ಮನೆಗೆ ನಾನು ಹೋಗುವಂತಿರಲಿಲ್ಲ, ನಮ್ಮ ಮನೆಗೆ ಅವರು ಬರುವಂತಿರಲಿಲ್ಲ. ದೆಹಲಿಯಲ್ಲಿ ಇಂಥ ಹೊತ್ತಿಗೆ ಮೂರನೆಯ ದೇಶವನ್ನು ಹುಡುಕುತ್ತಿದ್ದರು; ನಾವು ಹುಮನಾಬಾದನ್ನು ಆರಿಸಿಕೊಂಡೆವು. ಶಿವರಾಜಪ್ಪನವರಿಗೆ ಅಲ್ಲಿ ಕಾಳಿನ ವ್ಯಾಪಾರ, ದಿನಾ ಹೋಗಿಬರುತ್ತಿದ್ದರು. ಹೀಗಾಗಿ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಮಲಗುವ ನಾವಿಬ್ಬರೂ ಒಂದೇ ಬಸ್ಸು ಹತ್ತಿ, ಒಬ್ಬರನ್ನೊಬ್ಬರು ನೋಡದಂತೆ ಬೇರೆಬೇರೆ ಸೀಟಿನಲ್ಲಿ ಕೂತು, ಹುಮನಾಬಾದಿನಲ್ಲಿ ಇಳಿದು, ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅಕಸ್ಮಾತ್ತಾಗಿ ಭೇಟಿಯಾದವರಂತೆ ನಮಸ್ಕಾರ ಹೇಳಿದೆವು.

ನಾನು ಐದು ಹಕ್ಕುಗಳನ್ನು ಒಂದೊಂದಾಗಿ ವಿವರಿಸಿದೆ. ಶಿವರಾಜಪ್ಪ ಭಜಿ ತಿನ್ನುತ್ತ ಕೇಳಿದರು. ಕೊನೆಗೆ ಕೈ ಒರೆಸಿಕೊಂಡು, “ಎಲ್ಲಾ ಬರಾಬರ್ ಅದರಿ ಸಾಹೇಬ್ರ. ನಿಮ್ಮ ಮನಿಯವ್ರು ನಮ್ಮ ಮಾಳಗಿ ದಾಟಿ ತಂಗಿ ಮನಿಗಿ ಹೋಗ್ತಾರ. ನಮ್ಮಾಕಿ ನಿಮ್ಮ ಮಾಳಗಿ ದಾಟಿ ಎಲ್ಲಿಗಿ ಹೋಗಬೇಕು? ಆಚೀಗಿ ಬೀದಿ ಅದ. ಹಾರಬೇಕೇನ್ರಿ?” ಎಂದರು.

ಇದು ನನಗೆ ಹೊಳೆದಿರಲಿಲ್ಲ. ಎರಡೂ ಕಡೆಗೆ ಸಮಾನ ಹಕ್ಕು ಎಂದು ಟೈಪು ಮಾಡುವಾಗ ಒಂದು ದೇಶದ ಆಚೆ ಏನೂ ಇಲ್ಲದಿರಬಹುದು ಎಂದು ಯಾರೂ ಯೋಚಿಸುತ್ತಿರಲಿಲ್ಲವೇನೋ. ನಾನು ಚಹಾ ತರಿಸಿದೆ. ಆಮೇಲೆ ಹೀಗೆ ತೀರ್ಮಾನವಾಯಿತು. ಹಾದುಹೋಗುವ ಹಕ್ಕಿಗೆ ಬದಲಾಗಿ ಸಂಗಮ್ಮನಿಗೆ ನಮ್ಮ ಮಾಳಿಗೆಯ ಮೇಲೆ ಇಳಿಯುವ ಹಕ್ಕು. ನೀಲಮ್ಮ ದಿನಕ್ಕೆ ಒಮ್ಮೆ ಹೋಗಿಬಂದರೆ ಸಂಗಮ್ಮನೂ ಒಮ್ಮೆ ಬಂದುಹೋಗಬೇಕು. ಯಾರದೂ ಹೆಚ್ಚಲ್ಲ, ಯಾರದೂ ಕಡಿಮೆಯಲ್ಲ. ಹೆಚ್ಚಿನ ಸಲ ದಾಟಬೇಕಾದರೆ ಆ ಮನೆಯ ಯಜಮಾನರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಳೆ ನಿಂತ ಮೇಲೆ ಅವರ ಮಾಳಿಗೆಗೆ ಎರಡು ಬಂಡಿ ಮಣ್ಣು ನಮ್ಮದು. ಉಳಿದದ್ದು ಐದನೆಯ ಹಕ್ಕು.

“ಅದು ಮಂಜೂರ್ ಇಲ್ಲ,” ಎಂದರು ಶಿವರಾಜಪ್ಪ. “ನಮ್ಮ ಮನಿ ಮಾತು ನಮ್ಮ ಮಾಳಗಿ ಮ್ಯಾಲಿಂದ ಎತ್ತಿಕೊಂಡು ಮೂರನೇ ಮನಿಗಿ ಒಯ್ಯಂಗಿಲ್ಲ.”

“ಅದನ್ನು ತಪಾಸು ಮಾಡುವುದು ಹೇಗೆ?” ಎಂದೆ.

“ದಿಲ್ಲ್ಯಾಗ ಹ್ಯಾಂಗ ಮಾಡ್ತಿದ್ರಿ?”

ದೆಹಲಿಯಲ್ಲೂ ಮಾಡುತ್ತಿರಲಿಲ್ಲ. ಸುಮ್ಮನೆ ಸಹಿ ಹಾಕುತ್ತಿದ್ದರು. ನಾವೂ ಹಾಕಿದೆವು. ಹಿಂದಿರುಗುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ಕಿಟಕಿಯ ಪಕ್ಕ ಅವರಿಗೆ ಬಿಟ್ಟುಕೊಟ್ಟೆ.

ಒಪ್ಪಂದ ಜಾರಿಗೆ ಬಂತು. ಬೆಳಿಗ್ಗೆ ಸಂಗಮ್ಮ ಮುಳ್ಳಿನ ಟೊಂಗೆ ಸರಿಸುತ್ತಿದ್ದರು, ನೀಲಮ್ಮ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬೆಕ್ಕಿನ ಹಾಗೆ ದಾಟುತ್ತಿದ್ದಳು. ಅವಳು ಮರಳಿದ ಮೇಲೆ ಸಂಗಮ್ಮನ ಪಾಳಿ. ಆಕೆಗೆ ನಮ್ಮ ಮಾಳಿಗೆಯ ಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಆದರೂ ಹಕ್ಕು ಬಿಟ್ಟುಕೊಡಬಾರದೆಂದು ಬಂದು, ನಮ್ಮ ಕಡೆ ಬೆನ್ನು ಮಾಡಿ ನಿಂತು, ಬೀದಿಯನ್ನು ಸ್ವಲ್ಪ ಹೊತ್ತು ನೋಡಿ, “ನಂದೊಂದ್ ಸಲ ಆತು” ಎಂದು ಗಾಳಿಗೆ ಹೇಳಿ ಹೋಗುತ್ತಿದ್ದರು. ಕೆಲವು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಬಿಸಿಲು ಜೋರಾಗಿತ್ತು. ಆಕೆ ನೀರು ಕೇಳಿದರು. ಎಣ್ಣೆ ತುಂಬಿಸಿಕೊಳ್ಳಲು ಇಳಿಯುವುದು ಎರಡನೆಯ ಹಕ್ಕು, ಕೊಡಬಹುದು ಎಂದು ನಾನು ಕೆಳಗಿನಿಂದ ಕೂಗಿ ಹೇಳಿದೆ. ನೀಲಮ್ಮ ಆಗಲೇ ನೀರಿನ ಜೊತೆ ಬೆಲ್ಲವನ್ನೂ ಒಯ್ದಿದ್ದಳು. ಬೆಲ್ಲದ ವಿಷಯ ಒಪ್ಪಂದದಲ್ಲಿ ಇರಲಿಲ್ಲ. ಮರುದಿನದಿಂದ “ಒಂದ್ ಸಲ” ಎಂಬುದು ಉದ್ದವಾಗುತ್ತ ಹೋಯಿತು. ಬಾರಿ ಒಂದೇ, ಅದು ಎಷ್ಟು ಹೊತ್ತಿನದೆಂದು ನಾನು ಬರೆದಿರಲಿಲ್ಲ. ಇದೆಲ್ಲ ನನ್ನ ಕರಡಿನ ಗುಣವೆಂದೇ ತಿಳಿದು ಟೈಪಿಂಗ್ ಕ್ಲಾಸಿನಲ್ಲಿ ಬಂದವರಿಗೆಲ್ಲ ವಿಮಾನ ಒಪ್ಪಂದಗಳ ಬಗ್ಗೆ ಹೇಳತೊಡಗಿದೆ. ಅವರು ಪಾಪ, ಬೆರಳು ಕೀಲಿಗಳ ಮೇಲಿಟ್ಟುಕೊಂಡು ಕೇಳುತ್ತಿದ್ದರು.

ಈಗ ಆ ಸಂಜೆಯ ಮಾತು. ಗಂಗಾಳ ಗಂಡ ಚಿಟಗುಪ್ಪದ ಸಂತೆಗೆ ಹೋಗಿದ್ದ. ಅತ್ತೆ ಹುಡಗಿ ಎಂಬ ಊರಿಗೆ ಯಾರನ್ನೋ ಮಾತಾಡಿಸಲು ಹೋಗಿದ್ದರು. ಕೂಸಿನ ಅಳು ಅವರ ಬೆಳಕಿಂಡಿಯಿಂದ ಮೇಲೆದ್ದು ಬಂತು. ಮೊದಲು ಹಸಿವಿನ ಅಳು ಎಂದುಕೊಂಡೆವು. ಅದು ನಿಲ್ಲಲಿಲ್ಲ, ಮತ್ತೆ ಏರಿತು, ನಡುವೆ ಉಸಿರು ಕಟ್ಟಿದಂತೆ ನಿಂತು ಮತ್ತೆ ಶುರುವಾಯಿತು. ಆಮೇಲೆ ಗಂಗಾಳ ದನಿ, “ಅಕ್ಕಾ! ಅಕ್ಕಾ!”

ನೀಲಮ್ಮ ಒಂದು ಹಿಡಿ ಓಮಕಾಳು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ನಾನು. ಗಡಿಯಲ್ಲಿ ಟೊಂಗೆಗಳು ಮುಚ್ಚಿಕೊಂಡಿದ್ದವು. ಆ ದಿನದ ಅವಳ ಬಾರಿಯೂ ಸಂಗಮ್ಮನ ಬಾರಿಯೂ ಬೆಳಿಗ್ಗೆಯೇ ಮುಗಿದಿದ್ದವು. ನಾನು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ತಡಿ, ಶಿವರಾಜಪ್ಪನವರು ಹುಮನಾಬಾದಿನ ಬಸ್ಸಿಗೆ ಈಗ ಬರುತ್ತಾರೆ. ಒಂದು ಮಾತು ಒಪ್ಪಿಗೆ ಕೇಳಿದರೆ…”

ನೀಲಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸಲಾರೆ.

ಅಷ್ಟರಲ್ಲಿ ಆಚೆಯ ಮೆಟ್ಟಿಲಿನಿಂದ ಸಂಗಮ್ಮ ಹತ್ತಿ ಬಂದರು. ಕೈಗೆ ಹಿಟ್ಟು ಮೆತ್ತಿತ್ತು. ಟೊಂಗೆಯನ್ನು ಬರಿಗೈಯಲ್ಲೇ ಹಿಡಿದು ಎತ್ತಿ ಎಸೆದರು. ಅದು ನನ್ನ ಕಾಲ ಬಳಿ ಬಿತ್ತು.

“ಏ ನೀಲಾ, ಏನ್ ನೋಡ್ಕೋತ ನಿಂತೀ? ಬಾ ಜಲ್ದಿ! ಓಮು ತಗೊಂಡೀಯೇನ?”

“ತಗೊಂಡೇನಿ ಅಕ್ಕಾ. ಇವ್ರು ಕರಾರು ಅದ ಅನ್ನಾಕತ್ತಾರ.”

“ಕರಾರು ಕೂಸಿನ ಹೊಟ್ಟಿ ತಿಕ್ಕತದೇನ? ಬಾ!”

ಇಬ್ಬರೂ ಓಡಿದರು. ಬೆಕ್ಕಿನ ಹಾಗೆ ದಾಟಬೇಕಾಗಿದ್ದ ಆ ಮಾಳಿಗೆಯ ಮೇಲೆ ನಾಲ್ಕು ಕಾಲುಗಳು ಧಪಧಪ ಓಡಿದವು. ಮಣ್ಣು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಇಬ್ಬರಲ್ಲಿ ಹೆಚ್ಚು ಜೋರಾಗಿ ಓಡಿದ್ದು ಸಂಗಮ್ಮನೇ. ನಾನೂ ಹಿಂದೆ ಹೋಗಬೇಕೆಂದು ಒಂದು ಕಾಲು ಗಡಿಯಾಚೆ ಇಟ್ಟೆ. ಆಕೆ ಓಡುತ್ತಲೇ ತಿರುಗಿದರು.

“ನೀವ್ ಎಲ್ಲಿಗ್ರಿ ಸಾಹೇಬ್ರ? ಒಳಗ ಬಾಳಂತಿ ಅದಾಳ. ಬೀದಿ ಹಿಡೀರಿ!”

ಕಾಲು ಹಿಂದಕ್ಕೆ ತೆಗೆದೆ. ಕೆಳಗಿಳಿದು, ಚಪ್ಪಲಿ ಹಾಕಿಕೊಂಡು, ಬೀದಿ ಸುತ್ತಿ ಹೊರಟೆ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು, “ಏನ್ರಿ ಸಾಹೇಬ್ರ, ಇಷ್ಟು ಗಡಿಬಿಡಿ? ವಿಮಾನ ತಪ್ಪಿತೇನ್ರಿ?” ಎಂದರು. ನಾನು ತಲುಪಿದಾಗ ಕೂಸು ಸಂಗಮ್ಮನ ತೊಡೆಯ ಮೇಲೆ ಬೋರಲು ಮಲಗಿತ್ತು, ನೀಲಮ್ಮ ಅದರ ಬೆನ್ನು ನೀವುತ್ತಿದ್ದಳು. ಅದು ಒಂದು ತೇಗು ತೇಗಿತು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ತೇಗು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಗಂಗಾ ಅಳುತ್ತಲೇ ನಕ್ಕಳು. ಸಂಗಮ್ಮನ ಅಂಗೈಯಿಂದ ನೀಲಮ್ಮ ಜಾಲಿಯ ಮುಳ್ಳು ತೆಗೆಯತೊಡಗಿದಳು. ಬಾಗಿಲಲ್ಲಿ ನಿಂತ ನನ್ನನ್ನು ಯಾರೂ ಗಮನಿಸಲಿಲ್ಲ.

ಆ ಟೊಂಗೆಗಳು ಮರುದಿನ ಸಂಗಮ್ಮನ ಒಲೆಗೆ ಹೋದವು. ಈಗ ಯಾರು ಎಷ್ಟು ಸಲ ದಾಟುತ್ತಾರೆಂಬ ಲೆಕ್ಕವಿಲ್ಲ. ಐದನೆಯ ಹಕ್ಕಂತೂ ಬೇಕಾಬಿಟ್ಟಿಯಾಗಿ ನಡೆದಿದೆ. ನಾನು ಬಸ್ಸಿಗೆ ಕಾಯುವ ಮಾತು ಆಡಿದ್ದು ಮೂರನೆಯ ಮನೆಗಷ್ಟೇ ಅಲ್ಲ, ಕೊಹಿನೂರು ಎಂಬ ಹಳ್ಳಿಯ ಬೀಗರ ಮನೆಗೂ ತಲುಪಿದೆ. ಮಳೆ ನಿಂತ ಮೇಲೆ ಎರಡು ಬಂಡಿ ಮಣ್ಣನ್ನು ಮಾತ್ರ ಮಾತಿಗೆ ತಪ್ಪದೆ ಹಾಕಿಸಿದೆ. ಒಪ್ಪಂದದಲ್ಲಿ ಉಳಿದುಕೊಂಡದ್ದು ಅದೊಂದೇ.

ಕೂಸು ಈಗ ಅಂಬೆಗಾಲಿಡುತ್ತಿದೆ. ನನ್ನ ಮೀಸೆ ಎಳೆಯುವುದು ಅದಕ್ಕೆ ಬಹಳ ಇಷ್ಟ. ಪ್ರತಿ ಸಲ ಬೀದಿ ಸುತ್ತಿ, ಕಟ್ಟೆಯವರ ಪ್ರಶ್ನೆಗೆ ಉತ್ತರ ಹೇಳಿ ಅಲ್ಲಿಗೆ ಹೋಗುವುದು ನನಗೂ ಸಾಕಾಗಿದೆ. ಮೊನ್ನೆ ಇಬ್ಬರೂ ನಮ್ಮ ಮಾಳಿಗೆಯ ಮೇಲೆ ಶಾವಿಗೆ ಒಣಗಿಸುತ್ತ ಕೂತಿದ್ದಾಗ ಧೈರ್ಯ ಮಾಡಿ, ದಿನಕ್ಕೆ ಒಂದೇ ಒಂದು ಸಲ ನನಗೂ ಮಾಳಿಗೆ ದಾಟಲು ಅನುಮತಿ ಸಿಗಬಹುದೇ ಎಂದು ಕೇಳಿದೆ. ನೀಲಮ್ಮ ಸಂಗಮ್ಮನ ಮುಖ ನೋಡಿದಳು. ಸಂಗಮ್ಮ ನೀಲಮ್ಮನ ಮುಖ ನೋಡಿದರು.

“ವಿಚಾರ ಮಾಡಿ ತಿಳಸ್ತೀವ್ರಿ,” ಎಂದರು ಸಂಗಮ್ಮ.

ಈ ವಾಕ್ಯವನ್ನು ನಾನು ದೆಹಲಿಯಲ್ಲಿ ಬಹಳ ಸಲ ಟೈಪು ಮಾಡಿದ್ದೇನೆ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಆ ಸಂಜೆಯೇ ಬಜಾರಿಗೆ ಹೋಗಿ, ಬೀದಿಯಲ್ಲಿ ನಡೆಯಲು ಗಟ್ಟಿಯಾದ ಒಂದು ಜೊತೆ ಚಪ್ಪಲಿ ತಂದೆ.