ಕಪಾಟಿನ ಒಂದೇ ಕನ್ನಡ ಪುಸ್ತಕ

ಇನ್ನೊಬ್ಬರ ಮನೆಯಲ್ಲಿ ಏನೇನಿಲ್ಲ ಎಂದು ಪಟ್ಟಿ ಮಾಡುವ ಕೆಲಸ ಸಿಕ್ಕರೆ ನಾನು ಬೇಡವೆನ್ನುವವಳಲ್ಲ. ಪೆನ್ನನ್ನೂ ನಾನೇ ಒಯ್ಯುತ್ತೇನೆ. ಕೊರೊನಾದ ಎರಡನೆಯ ವರ್ಷ, ಜಪಾನಿನ ಇಚಿಕಾವಾದಲ್ಲಿ ನಮ್ಮ ಮನೆಯ ಹತ್ತಿರದ ಪುಟ್ಟ ಗ್ರಂಥಾಲಯದಲ್ಲಿ ಆ ಭಾಗ್ಯ ಒದಗಿತು. ಸುತ್ತಮುತ್ತ ವಾಸವಿರುವ ಎಲ್ಲರ ಭಾಷೆಯೂ ಕಪಾಟಿನಲ್ಲಿ ಇದೆಯೇ ಎಂದು ಪರೀಕ್ಷಿಸಲು ಗ್ರಂಥಪಾಲಕಿ ಮೊರಿತಾ ಸಾನ್ ನಮ್ಮಂಥ ವಿದೇಶಿಯರಿಗೆ ಒಂದು ಫಾರಂ ಕೊಟ್ಟಿದ್ದರು. ಭಾರತದ ಪಾಲಿಗೆ ಅಲ್ಲಿದ್ದುದು ಕರಿ ಅಡುಗೆಯ ಪುಸ್ತಕ ನಾಲ್ಕು, ಯೋಗಾಸನ ಮೂರು, ಆನೆಯ ಚಿತ್ರಪುಸ್ತಕ ಒಂದು. ನಾಲ್ಕನ್ನೂ ತಿರುವಿದರೂ ಒಂದು ತಿಳಿಸಾರು ಸಿಗಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರದಲ್ಲಿ 'ಕನ್ನಡ ಒಂದೂ ಇಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಮೊರಿತಾ ಸಾನ್ ಅದನ್ನು ಓದಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಸೊಂಟದವರೆಗೆ ಬಾಗಿದರು. ನನಗೇ ಸಂಕಟವಾಗಿ ಮರುದಿನ ಸೂಟ್‌ಕೇಸಿನ ತಳದಲ್ಲಿದ್ದ ಒಂದು ಕಥಾಸಂಕಲನವನ್ನು ತಂದುಕೊಟ್ಟೆ. ಅವರು ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ಪ್ಲಾಸ್ಟಿಕ್ ಹೊದಿಸಿ, ನಂಬರು ಅಂಟಿಸಿ, ಆನೆಯ ಪಕ್ಕದಲ್ಲಿ ನಿಲ್ಲಿಸಿದರು, ತಲೆಕೆಳಗಾಗಿ. ಅವರು ಆಚೆ ತಿರುಗಿದಾಗ ಮೆಲ್ಲಗೆ ನೆಟ್ಟಗೆ ಮಾಡಿದೆ. ಆಮೇಲೆ ಅವರು ಬಹಳ ಸಂಕೋಚದಿಂದ ನಿಯಮ ಹೇಳಿದರು: ಜಾಗ ಕಡಿಮೆ, ವರ್ಷದ ಕೊನೆಗೆ, ಯಾರೂ ಹೆಚ್ಚಾಗಿ ಒಯ್ಯದ ಪುಸ್ತಕಗಳನ್ನು ಕಪಾಟಿನಿಂದ ಇಳಿಸುತ್ತಾರೆ.

ಇಳಿಸುವುದೆಂದರೇನು? ನಾನು ನನ್ನ ಪುಸ್ತಕವನ್ನು ನಾನೇ ಎರವಲು ತರತೊಡಗಿದೆ. ಎರಡು ವಾರ ನಮ್ಮ ಮೈಕ್ರೋವೇವ್ ಮೇಲೆ, ಆಮೇಲೆ ವಾಪಸು; ವೈರಸ್ಸಿನ ಭಯಕ್ಕೆ ಮೂರು ದಿನ ಅದಕ್ಕೆ ಪ್ರತ್ಯೇಕವಾಸ; ಬಿಡುಗಡೆಯಾದೊಡನೆ ಮತ್ತೆ ನಮ್ಮ ಮನೆಗೆ. ಊಟದ ಮೇಜಿನಲ್ಲೇ ಆಫೀಸು ನಡೆಸುತ್ತಿದ್ದ ನಮ್ಮವರು ಇದನ್ನೆಲ್ಲ ನೋಡುತ್ತಿದ್ದರು.

"ಕೊಟ್ಟಿದ್ದೂ ನೀನೇ, ತರೋದೂ ನೀನೇ. ಇದನ್ನ ನಮ್ ಆಫೀಸಲ್ಲಿ ಫೇಕ್ ಡೇಟಾ ಅಂತಾರೆ ಕಣೇ."

"ವಾಕಿಂಗ್ ಕರ್ಕೊಂಡ್ ಹೋಗಿ ಬರ್ತಿದೀನಿ ಅಂದ್ಕೊಳ್ಳಿ," ಎಂದೆ.

ಆರನೆಯ ಸಲ ಹೋದಾಗ ಪುಸ್ತಕ ಇರಲಿಲ್ಲ. ಆನೆಯ ಹಿಂದೆ ನೋಡಿದೆ, ಕೆಳಗಿನ ಅರೆಯಲ್ಲಿ ಹುಡುಕಿದೆ. ಇಳಿಸಿಯೇಬಿಟ್ಟರೆಂದು ಕೌಂಟರಿಗೆ ಓಡಿದೆ. ಮೊರಿತಾ ಸಾನ್ ಕಂಪ್ಯೂಟರ್ ನೋಡಿ, ಯಾರೋ ಒಯ್ದಿದ್ದಾರೆ ಎಂದರು. ಯಾರು ಅಂದೆ. ಅದನ್ನು ಹೇಳುವಂತಿಲ್ಲವಂತೆ, ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ನಕ್ಕವು.

ಆ ದಿನ ರಸ್ತೆಯೇ ಬೇರೆಯಾಗಿ ಕಂಡಿತು. ಕೊಂಬಿನಿ ಅಂಗಡಿಯಲ್ಲಿ ಒಬ್ಬಾಕೆ ಮೊಸರಿನ ಡಬ್ಬಿ ತಿರುಗಿಸಿ, ನಮ್ಮ ಕಡೆಯ ಸಸ್ಯಾಹಾರಿಗಳ ಹಾಗೆ, ಜೆಲಾಟಿನ್ ಇದೆಯೇ ಎಂದು ಓದುತ್ತಿದ್ದಳು. ಇವಳೇ ಇರಬಹುದೇ ಎಂದು ಹಿಂದೆಯೇ ಎರಡು ಸುತ್ತು ಹಾಕಿದೆ. ಕೇಳುವ ಧೈರ್ಯವಾಗಲಿಲ್ಲ. ಎರಡು ವರ್ಷದಿಂದ ಎಲ್ಲರಿಂದ ದೂರ ನಿಂತು ಅಭ್ಯಾಸವಾದ ಊರಿನಲ್ಲಿ, ಯಾರದೋ ಚೀಲದೊಳಗೆ ಕನ್ನಡ ಓಡಾಡುತ್ತಿತ್ತು. ಅಷ್ಟು ಸಾಕೆನಿಸಿತು.

ಮರುವಾರ ಮೊರಿತಾ ಸಾನ್ ತಮ್ಮ ಫಾರಮ್ಮಿನಲ್ಲಿ ನನ್ನೆದುರೇ 'ಕನ್ನಡ ಓದುಗರು: ಇಬ್ಬರು' ಎಂದು ತುಂಬಿಸಿ, ಸರಿಯಲ್ಲವೇ ಎಂಬಂತೆ ನೋಡಿದರು. ಐದು ಸಲ ಒಯ್ದವಳು ಹನ್ನೊಂದನೆಯ ಪುಟವನ್ನೂ ದಾಟಿಲ್ಲ ಎಂದು ಜಪಾನಿಯಲ್ಲಿ ಹೇಳಲು ನನಗೆ ಬರುವುದಿಲ್ಲ, ಕನ್ನಡದಲ್ಲಾದರೂ ಹೇಳುತ್ತಿರಲಿಲ್ಲ. ಲಕ್ಷಣವಾಗಿ ತಲೆ ಬಾಗಿಸಿ, ನನ್ನ ಪುಸ್ತಕಕ್ಕೆ ಸರದಿಯಲ್ಲಿ ನನ್ನ ಹೆಸರು ಬರೆಸಿ ಬಂದೆ, ಈ ಸಲ ಓದುವುದಕ್ಕೆ.