ಹೊಗೆ ಅಳೆಯಲು ಬಂದ ಸಾಹೇಬರು

ಇಸ್ತ್ರಿಯವನು ಮಾಡಿದ ಒಂದೇ ತಪ್ಪೆಂದರೆ, ಸಾಹೇಬರು ಬರುವ ಸುದ್ದಿಯನ್ನು ಹೆಂಡತಿಯ ಕಿವಿಗೆ ಹಾಕಿದ್ದು.

ಬೀದಿಯ ಹಿಂದೆಯೇ ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆ. ಅದರ ಚಿಮಣಿ ಉಗುಳಿದ್ದೆಲ್ಲ ಇವನ ಅಂಗಡಿಗೆ. ಬಿಳಿ ಅಂಗಿ ಮಡಚುವಷ್ಟರಲ್ಲಿ ಬೂದಿ ಬಣ್ಣ. ಇವನ ಎದೆಯೋ, ತೂತು ಬಿದ್ದ ತಿದಿ. ಮಾತಿಗಿಂತ ಕೆಮ್ಮೇ ಹೆಚ್ಚು. ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದ ಮೇಲೆ ಸರ್ಕಾರಕ್ಕೆ ಮೂಗು ಬಂತು. ಕಣ್ಣೆದುರಿನ ಹೊಗೆಯನ್ನು ನಂಬದ ಸರ್ಕಾರ, ಯಂತ್ರ ಹೇಳಿದರೆ ನಂಬುತ್ತದಂತೆ! ಮಾಲಿನ್ಯ ಇಲಾಖೆಯ ಸಾಹೇಬರು ಇಂದು ಮಧ್ಯಾಹ್ನ ಗಾಳಿ ಅಳೆಯುವ ಪೆಟ್ಟಿಗೆ ತರುತ್ತಾರೆ. ಕೆಂಪು ದೀಪ ಹತ್ತಿತೋ, ಕಾರ್ಖಾನೆಗೆ ಬೀಗ.

ಸುದ್ದಿ ಹೆಂಡತಿಯಿಂದ ಎದುರುಮನೆ ಅಕ್ಕನಿಗೆ, ಅಕ್ಕನಿಂದ ಇಡೀ ಬೀದಿಗೆ. ಪೊರಕೆಗಳ ದಂಡೇ ಇಳಿಯಿತು.

"ಅಕ್ಕಾ, ಇದೇನ್ ಮಾಡ್ತಿದೀರಿ?"

"ಸಾಹೇಬ್ರು ಬರ್ತಾರಲ್ಲಪ್ಪ! ಹೊಲಸು ಬೀದಿ ನೋಡಿದ್ರೆ ಏನಂದ್ಕೋತಾರೆ?"

"ಹೊಲಸು ನೋಡೋಕೇ ಅಲ್ವಾ ಅವರು ಬರ್ತಿರೋದು!"

"ನಿನಗೆ ಮಾನ ಇಲ್ಲ ಅಂತ ನಮಗೂ ಇರಬಾರ್ದಾ?"

ಬಿಂದಿಗೆಗಟ್ಟಲೆ ನೀರು ಚೆಲ್ಲಿ ಧೂಳು ಅಡಗಿಸಿದರು. ಹೋಟೆಲಿನವನು ಒಲೆ ಆರಿಸಿದ. ಬೈಕಿದ್ದವರು ಎಮ್ಮೆ ಹೊಡೆದುಕೊಂಡು ಹೋಗುವಂತೆ ಬೈಕು ತಳ್ಳಿಕೊಂಡು ಹೋದರು. ಇವನ ಅತ್ತೆ ಒಂದು ಕೊಡ ನೀರು ತಂದು ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೇ ಸುರಿದರು. "ಊರಿಗೆಲ್ಲ ಹೇಳೋ ಮೊದ್ಲು ನಮ್ದು ನಾವು ನೋಡ್ಕೋಬೇಕು, ಅಳಿಯಂದ್ರೇ!"

ಇನ್ನು ಚಿಮಣಿಯೇ ದಿಕ್ಕೆಂದು ಅವನು ತಲೆಯೆತ್ತಿದ. ಅದೂ ಬಾಯಿ ಮುಚ್ಚಿತ್ತು.

"ನನ್ ತಮ್ಮನೇ ಅಲ್ಲಿ ಮೇಸ್ತ್ರಿ," ಅಕ್ಕ ಹೇಳಿದಳು. "ದೊಡ್ಡವರು ಬರ್ತಿದಾರೆ, ಒಂದ್ ಗಳಿಗೆ ನಿಲ್ಸೋ ಅಂದೆ. ಪಾಪ, ಮಾತು ತೆಗೆದುಹಾಕ್ಲಿಲ್ಲ."

ಕಾನೂನಿಗೆ ಬಗ್ಗದ ಚಿಮಣಿ ಅಕ್ಕನಿಗೆ ಬಗ್ಗಿತ್ತು!

ಅಷ್ಟರಲ್ಲಿ ಸಾಹೇಬರು ಬಂದು ಪೆಟ್ಟಿಗೆ ಇಟ್ಟೇಬಿಟ್ಟರು.

"ಸಾರ್, ಇವತ್ತೊಂದಿನ ಹೊಗೆ ಇಲ್ಲ. ನನ್ ಎದೆ ಕೇಳಿ ಸಾರ್, ಕೆಮ್ಮಿ ತೋರಿಸ್ತೀನಿ!"

"ಎಲ್ಲಿ, ಕೆಮ್ಮು."

"ಹ್ಹ... ಹ್ಹ..." ಇಷ್ಟು ವರ್ಷ ಕರೆಯದೆ ಬರುತ್ತಿದ್ದ ಕೆಮ್ಮು ಇಂದು ಗೋಗರೆದರೂ ಬರಲಿಲ್ಲ. ಅಂಥ ಗಾಳಿ! ಸುಖವಾಗಿ ಉಸಿರಾಡುತ್ತಾ ಅವನು ಅತ್ತೇಬಿಟ್ಟ.

ಹಸಿರು ದೀಪ ಹತ್ತಿತು. ಬೀದಿಯವರು ಚಪ್ಪಾಳೆ ತಟ್ಟಿದರು.

"ಶಹಬ್ಬಾಸ್!" ಎಂದರು ಸಾಹೇಬರು. "ಗಾಳಿ ಕೆಟ್ಟ ಕಡೆ ಹೊಸ ಕಾರ್ಖಾನೆಗೆ ಪರ್ಮಿಷನ್ ಕೊಡೋ ಹಾಗಿಲ್ಲ, ನಮ್ಮ ರೂಲ್ಸು. ಜಾಗ ಹುಡುಕಿ ಹುಡುಕಿ ಸಾಕಾಗಿತ್ತು. ಇಲ್ಲಿ ಧಾರಾಳವಾಗಿ ಇನ್ನೂ ಎರಡು ಚಿಮಣಿ ಎಬ್ಬಿಸಬಹುದು!"

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಇಸ್ತ್ರಿಯವನತ್ತ ತಿರುಗಿ ಬೀಗಿದಳು:

"ನೋಡಿದ್ಯಾ? ನಾವು ಚೊಕ್ಕಟವಾಗಿದ್ರೆ ನಾಲ್ಕು ಜನ ತಾವಾಗೇ ಹುಡುಕ್ಕೊಂಡ್ ಬರ್ತಾರೆ!"